ಇಟ್ಟುಕೊಳ್ಳುವುದೂ ನೋಡಿಕೊಳ್ಳುವುದೂ

ಹಣ ಕೊಟ್ಟು ಕೊಂಡದ್ದು ನಮ್ಮದು ಎಂದು ಲೋಕ ನಂಬಿದೆ. ಕಾನೂನೂ ಹಾಗೆಯೇ ಹೇಳುತ್ತದೆ. ಆದರೆ ಒಂದು ವಸ್ತು ನಮ್ಮದಾಗಲು ರಸೀದಿಯೊಂದೇ ಸಾಕೆ? ಒಂಟಿಕೊಪ್ಪಲಿನ ನಮ್ಮ ಮನೆಯ ಮುಂದೆ, ಹೊಂಗೆಯ ನೆರಳಿನಲ್ಲಿ ನಿಂತಿರುವ ಹಳೆಯ ಮಾರುತಿ 800 ಕಾರು ನನ್ನನ್ನು ಈ ಪ್ರಶ್ನೆಗೆ ಹಚ್ಚಿದೆ.

ಆ ಕಾರಿನ ಪರಿಚಯ ವಾಚಕರಿಗೆ ಬೇಕಾಗಿಲ್ಲ. 1983ರ ಡಿಸೆಂಬರಿನಲ್ಲಿ ಅದರ ಮೊದಲ ಬಂಡಿ ರಸ್ತೆಗಿಳಿಯಿತು. 2014ರಲ್ಲಿ ತಯಾರಿಕೆ ನಿಂತಿತು. ಮೂರು ಸಿಲಿಂಡರಿನ, 796 ಸಿ.ಸಿ.ಯ ಪುಟ್ಟ ಎಂಜಿನ್. ನನ್ನದು ಕಾರ್ಬ್ಯುರೇಟರಿನ ಕಾಲದ್ದು. ಬಿಡುವಿನ ಭಾನುವಾರ ಅದರ ಎಣ್ಣೆ ಬದಲಾಯಿಸುವುದು, ಗಾಳಿಯ ಫಿಲ್ಟರು ಕೊಡಹುವುದು, ಮೂರು ಪ್ಲಗ್ಗುಗಳನ್ನು ಬಿಚ್ಚಿ ಒರೆಸುವುದು ನನ್ನ ಕೆಲಸ. ವೈದ್ಯರು ನಾಲಿಗೆ ನೋಡುವಂತೆ ಪ್ಲಗ್ಗಿನ ತುದಿಯನ್ನು ನೋಡಬೇಕು. ತಿಳಿಗಂದು ಬಣ್ಣವಿದ್ದರೆ ಕ್ಷೇಮ. ಒಣಮಸಿ ಕಟ್ಟಿದ್ದರೆ ಗಾಳಿಗೆ ಮೀರಿ ಪೆಟ್ರೋಲು ಹೋಗುತ್ತಿರಬೇಕು. ಎಣ್ಣೆಯ ಜಿಡ್ಡಿದ್ದರೆ ಒಳಗೆಲ್ಲೋ ಸವೆತವಿದೆ.

ಕನ್ನಡದಲ್ಲಿ ಎರಡು ಮಾತುಗಳಿವೆ: ಇಟ್ಟುಕೊಳ್ಳುವುದು, ನೋಡಿಕೊಳ್ಳುವುದು. ಕಾರು ಇಟ್ಟುಕೊಂಡಿದ್ದಾರೆ ಎನ್ನುತ್ತೇವೆ. ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎನ್ನುತ್ತೇವೆ. ಆರೈಕೆಯ ಮಾತಿನೊಳಗೆ ನೋಟ ಸೇರಿಕೊಂಡಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ನೋಡದವನು ಇಟ್ಟುಕೊಂಡಾನು, ಆರೈಕೆ ಮಾಡಲಾರ. ಇದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲಿಯೇ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅದರ ಮೋಟರ್ ಸೈಕಲ್ಲುಗಳು ಇಂದಿಗೂ ಓಡುತ್ತಿವೆ. ಮಾಡುವವರು ಹೋದ ಮೇಲೂ ನೋಡಿಕೊಳ್ಳುವವರು ಉಳಿದರು.

ಗೆಳೆಯರೊಬ್ಬರು ಆಕ್ಷೇಪಿಸಿದರು: "ಏನ್ರೀ ಮೇಷ್ಟರೆ, ನೀವೇ ಎಲ್ಲಾ ಮಾಡಿಕೊಂಡರೆ ಮೆಕ್ಯಾನಿಕ್ಕನ ಹೊಟ್ಟೆಯ ಮೇಲೆ ಹೊಡೆದ ಹಾಗಲ್ಲವೆ?" ಮಾತಿನಲ್ಲಿ ತೂಕವಿದೆ. ಆದರೆ ತುಕ್ಕು ಹಿಡಿದ ಒಂದು ಬೋಲ್ಟಿನೊಡನೆ ಒಂದು ಗಂಟೆ ಗುದ್ದಾಡಿದವನು ಆತನ ಕೂಲಿಯಲ್ಲಿ ಚೌಕಾಸಿ ಮಾಡಲಾರ. ಕೈಕೆಲಸದ ಬೆಲೆ ಕೈಗೇ ಮೊದಲು ತಿಳಿಯುತ್ತದೆ.

ನಿಜವಾದ ತೊಡಕು ಬೇರೆಡೆ ಇದೆ. ನನ್ನ ಅರೆತಿಳಿವಿನ ದಂಡವನ್ನು ತೆರುವವರು ಯಾರು? ಪ್ಲಗ್ಗು ಕೈಕೊಟ್ಟರೆ ಕಾರು ನಿಲ್ಲುತ್ತದೆ, ನಾನು ನಡೆಯುತ್ತೇನೆ. ಬ್ರೇಕಿನ ಮಾತು ಹಾಗಲ್ಲ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಚಾಮುಂಡಿಬೆಟ್ಟದ ಇಳಿಜಾರಿನಲ್ಲಿ ಬ್ರೇಕು ಕಾದರೆ ತೇವ ಸೇರಿದ ಎಣ್ಣೆ ಬೇಗ ಕುದಿಯುತ್ತದೆ. ಆವಿ ತುಂಬಿದರೆ ಪೆಡಲು ಒತ್ತಿದರೂ ಬಂಡಿ ನಿಲ್ಲದು. ಆಗ ದಂಡ ತೆರುವುದು ರಸ್ತೆ ದಾಟುವ ಶಾಲೆಯ ಮಗು. ಆದ್ದರಿಂದ ಬ್ರೇಕನ್ನು ಬಲ್ಲವರ ಕೈಗೇ ಒಪ್ಪಿಸುತ್ತೇನೆ. ಪಕ್ಕದಲ್ಲಿ ನಿಂತು ಸ್ಪ್ಯಾನರ್ ಎತ್ತಿಕೊಡುತ್ತೇನೆ. ಸ್ವಾವಲಂಬನೆ ದೊಡ್ಡ ಗುಣ, ನಿಜ. ಅದರ ಮೇರೆಯನ್ನು ಎಳೆಯುವುದು ನನ್ನ ಹೆಮ್ಮೆಯಲ್ಲ, ಪರರ ಪ್ರಾಣ.

ಹೊಗೆಯೂ ಅದೇ ಲೆಕ್ಕಕ್ಕೆ ಸೇರುತ್ತದೆ. ಉಸಿರಾಡುವ ಗಾಳಿ ಯಾರೊಬ್ಬರ ಸೊತ್ತೂ ಅಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ಕಾರನ್ನು ಪರೀಕ್ಷಿಸಿ, ಐದೈದು ವರ್ಷಕ್ಕೆ ನೋಂದಣಿ ನವೀಕರಿಸುವ ನಿಯಮದ ಬಗ್ಗೆ ಹಳೆಯ ಕಾರಿನವರು ಗೊಣಗುವುದುಂಟು. ನಾನು ಗೊಣಗಲಾರೆ. ನಮ್ಮ ಮಮತೆಯ ವಸ್ತುವನ್ನು ಮಮತೆಯಿಲ್ಲದ ಕಣ್ಣೊಂದು ಆಗಾಗ ನೋಡಬೇಕು.

ಆಯುಧಪೂಜೆಯ ದಿನ ಮೈಸೂರಿನಲ್ಲಿ ಕಾರುಗಳಿಗೆ ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಪೂಜೆ ಬೇಡವೆನ್ನಲಾರೆ. ವರ್ಷದ ಉಳಿದ ದಿನಗಳಲ್ಲಿ ಎಣ್ಣೆಯ ಮಟ್ಟ ನೋಡುವುದೂ ಪೂಜೆಯೇ. ಎಷ್ಟು ರಿಪೇರಿ ಮಾಡಿದರೂ ಹೊಗೆ ನಿಲ್ಲದ ದಿನ ಬಂದಾಗ, ಅದನ್ನು ಗುಜರಿಗೆ ಕಳುಹಿಸಿಕೊಡುವುದೂ ನೋಡಿಕೊಳ್ಳುವುದರಲ್ಲಿ ಸೇರಿದ್ದೇ.