ಅಪಾತ್ರ ದಾನ ಯಾವುದು?

ದಾನ ಮಾಡುವಾಗ ಪಾತ್ರವರಿತು ಮಾಡಬೇಕು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಕುಡುಕನ ಕೈಗೆ ಕಾಸು ಕೊಟ್ಟರೆ ಅದು ಹೆಂಡದಂಗಡಿ ಸೇರುತ್ತದೆ, ಮೈಗಳ್ಳನಿಗೆ ಅನ್ನ ಹಾಕಿದರೆ ಮೈಗಳ್ಳತನಕ್ಕೇ ಅನ್ನ ಹಾಕಿದಂತೆ, ಇದೇ ಅಪಾತ್ರ ದಾನ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಬೆಟ್ಟದ ಮೆಟ್ಟಿಲ ಪಕ್ಕ ಕೂತವನ ತಟ್ಟೆಗೆ ಒಂದು ರೂಪಾಯಿ ಹಾಕುವ ಮುಂಚೆಯೂ ಕೆಲವರು ಒಂದು ಗಳಿಗೆ ನಿಂತು, ಇವನಿಗೆ ನಿಜವಾಗಿಯೂ ಕಾಲಿಲ್ಲವೋ ಅಥವಾ ಮಡಚಿಕೊಂಡು ಕೂತಿದ್ದಾನೋ ಎಂದು ನೋಡುತ್ತಾರೆ. ನೋಡಲಿ, ತಪ್ಪೇನಿಲ್ಲ. ಆದರೆ ಪರೀಕ್ಷೆಯೆಲ್ಲಾ ತೆಗೆದುಕೊಳ್ಳುವವನಿಗೇ ಆಯಿತಲ್ಲ! ಕೊಡುವ ವಸ್ತು ಅವನಿಗೆ ತಕ್ಕದ್ದೋ ಅಲ್ಲವೋ, ಕೊಡುವವನಿಗೆ ಕೊಡುವುದು ಗೊತ್ತೋ ಇಲ್ಲವೋ, ಇದನ್ನು ಪರೀಕ್ಷೆ ಮಾಡುವವರು ಯಾರು?

ಈ ಪ್ರಶ್ನೆಗೆ ಕಡಲಾಚೆಯ ಒಂದು ಸಂಗತಿ ಬಹಳ ಚೆನ್ನಾಗಿ ಹೊಂದುತ್ತದೆ. ಅದು ಕ್ರೈಸ್ತ ಸೇವಾಕರ್ತರ ಸಂಗತಿ. ಆದರೂ ಪ್ರಶ್ನೆ ಎಲ್ಲಾ ಮತದವರದ್ದೇ ಆದ್ದರಿಂದ ಭಕ್ತಾದಿಗಳು ಸಮಾಧಾನದಿಂದ ಓದಬೇಕು.

ಅಮೆರಿಕದ ಚರ್ಚುಗಳಲ್ಲಿ ಒಂದು ಪದ್ಧತಿ ಇದೆ. ಇಲ್ಲಿ ಊರಿನವರು ಸೇರಿ ಬಸ್ಸು ಮಾಡಿಕೊಂಡು ಯಾತ್ರೆ ಹೊರಡುವಂತೆ, ಅಲ್ಲಿ ಚರ್ಚಿನವರು ಹತ್ತಿಪ್ಪತ್ತು ಜನ ಸೇರಿ ಬಡ ದೇಶಗಳಿಗೆ ಸೇವೆಗೆಂದು ಹೊರಡುತ್ತಾರೆ. ಅದಕ್ಕೆ ಮಿಷನ್ ಟ್ರಿಪ್ ಅನ್ನುತ್ತಾರೆ. ಒಂದು ವಾರ, ಎರಡು ವಾರ ಇದ್ದು ಕಣ್ಣಿನ ಶಿಬಿರ, ಔಷಧಿ ಹಂಚುವುದು, ಶಾಲೆಗೆ ಗೋಡೆ ಕಟ್ಟುವುದು, ಹೀಗೆ ಏನಾದರೊಂದು ಮಾಡಿ ವಾಪಸ್ ಹೋಗುತ್ತಾರೆ. 2001ರ ಜನವರಿಯಲ್ಲಿ ಅಂಥದೇ ಒಂದು ತಂಡ ನಮ್ಮ ಪಕ್ಕದ ಚೆನ್ನೈಗೆ ಬಂತು. ತಂಡದಲ್ಲಿ ಡಾನ್ ಶೋನ್‌ಡಾರ್ಫರ್ ಎಂಬ ಇಂಜಿನಿಯರ್ ಇದ್ದರು. ಎಂ.ಐ.ಟಿ.ಯಲ್ಲಿ ಡಾಕ್ಟರೇಟ್ ಮಾಡಿ, ಆಸ್ಪತ್ರೆಯ ಯಂತ್ರೋಪಕರಣಗಳನ್ನು ರೂಪಿಸುವ ಕೆಲಸದಲ್ಲಿದ್ದವರು. ಅವರು ತಂದಿದ್ದು ನಾಲ್ಕು ಗಾಲಿಕುರ್ಚಿ. ಅದೂ ಎಂಥದು? ಮದುವೆ ಮನೆಯಲ್ಲಿ ಹಾಕುತ್ತಾರಲ್ಲ, ಅಂಥ ಬಿಳೀ ಪ್ಲಾಸ್ಟಿಕ್ ಕುರ್ಚಿ. ಅದನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸಿ, ಹಿಂದೆ ಎರಡು ಸೈಕಲ್ ಚಕ್ರ, ಮುಂದೆ ಎರಡು ಸಣ್ಣ ಚಕ್ರ ಹಾಕಿದ್ದರು. ತಮ್ಮ ಮನೆಯ ಕಾರ್ ಷೆಡ್ಡಿನಲ್ಲಿ, ಬೆಳಗಿನ ಜಾವ ಎದ್ದು, ಕೆಲಸಕ್ಕೆ ಹೋಗುವ ಮುಂಚೆ ಮಾಡಿದ್ದವು ಅವು. ಕಾಲು ಕೈ ಸ್ವಾಧೀನವಿಲ್ಲದ ಒಬ್ಬ ಹುಡುಗನನ್ನು ಮನೆಯವರು ಹೊತ್ತುಕೊಂಡು ಬಂದಿದ್ದರು. ಅವನನ್ನು ಅದರಲ್ಲಿ ಕೂರಿಸಿದರು. ಅಲ್ಲಿಗೆ ಹೊತ್ತವರ ಬೆನ್ನು ನೆಟ್ಟಗಾಯಿತು.

ಈ ಕುರ್ಚಿಯ ಹಿಂದೆ ಇನ್ನೂ ಹಳೆಯ ಕಥೆ ಒಂದಿದೆ. 1970ರ ದಶಕದ ಕೊನೆಯಲ್ಲಿ ಶೋನ್‌ಡಾರ್ಫರ್ ದಂಪತಿ ಆಫ್ರಿಕಾದ ಮೊರೊಕ್ಕೊ ದೇಶಕ್ಕೆ ಪ್ರವಾಸ ಹೋಗಿದ್ದರು. ಟೆಟುವಾನ್ ಎಂಬ ಊರಿನಲ್ಲಿ ಒಬ್ಬ ಹೆಂಗಸು ಮಣ್ಣಿನ ರಸ್ತೆಯನ್ನು ಕೈಯೂರಿಕೊಂಡು ತೆವಳಿ ದಾಟುತ್ತಿದ್ದಳು. ನೋಡಿದರು, ಮರುಗಿದರು, ಊರಿಗೆ ಹೋದರು. ಆಮೇಲೆ ಇಪ್ಪತ್ತು ವರ್ಷ ಅದರ ಬಗ್ಗೆ ಏನೂ ಮಾಡಲಿಲ್ಲ. ಇದನ್ನು ಅವರ ತಪ್ಪು ಎಂದು ಎತ್ತಿ ಆಡುವುದು ಬೇಡ. ಕನಿಕರ ಎಂಬುದು ಎಲ್ಲರಲ್ಲೂ ಹೀಗೇ, ಬಂದ ವೇಗದಲ್ಲೇ ಹೋಗುತ್ತದೆ. ಅವರಲ್ಲಿ ಮಾತ್ರ ಅದು ಎಲ್ಲೋ ತಳದಲ್ಲಿ ಉಳಿದಿತ್ತು. ಇಪ್ಪತ್ತು ವರ್ಷ ಕಳೆದ ಮೇಲೆ, ದೇವರು ಕೊಟ್ಟ ವಿದ್ಯೆಯಿಂದ ಏನು ಮಾಡಿದೆ ಎಂದು ತನ್ನನ್ನೇ ಕೇಳಿಕೊಳ್ಳುವ ಹೊತ್ತು ಬಂದಾಗ, ಕಣ್ಣ ಮುಂದೆ ಬಂದದ್ದು ಆ ಹೆಂಗಸು. ಆಕೆಗೆ ಮಾತ್ರ ಕುರ್ಚಿ ಸಿಗಲಿಲ್ಲ. ತಾನು ಯಾರ ಮನಸ್ಸಿನಲ್ಲಿ ಉಳಿದೆ ಎಂಬುದೂ ಆಕೆಗೆ ತಿಳಿಯಲಿಲ್ಲ.

ಚೆನ್ನೈಯಿಂದ ಹೋದ ಮೇಲೆ ಅದೇ 2001ರಲ್ಲಿ ಅವರು ಫ್ರೀ ವ್ಹೀಲ್‌ಚೇರ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಲೆಕ್ಕಾಚಾರ ಸರಳವಾಗಿತ್ತು. ಅಮೆರಿಕದಲ್ಲಿ ಒಂದು ಒಳ್ಳೆಯ ಗಾಲಿಕುರ್ಚಿಗೆ ನೂರಾರು ಡಾಲರ್. ಈ ಪ್ಲಾಸ್ಟಿಕ್ ಕುರ್ಚಿ ಆರಂಭದ ದಿನಗಳಲ್ಲಿ 50 ಡಾಲರಿಗಿಂತ ಕಡಿಮೆಗೆ ಬಡವನ ಬಾಗಿಲಿಗೆ ತಲುಪುತ್ತಿತ್ತು. ಬಿಡಿಯಾಗಿ ಪೆಟ್ಟಿಗೆಯಲ್ಲಿ ತುಂಬಿದರೆ ಒಂದೇ ಹಡಗಿನ ಕಂಟೇನರಿನಲ್ಲಿ ಐನೂರಕ್ಕೂ ಹೆಚ್ಚು ಹಿಡಿಯುತ್ತಿದ್ದವು. ಆಯಾ ದೇಶದ ಸೇವಾ ಸಂಸ್ಥೆಗಳ ಕೈಗೆ ಕೊಟ್ಟು ಹಂಚಿಸಿದರು. ಹೀಗೆ ಹಂಚಿದ ಕುರ್ಚಿಗಳ ಸಂಖ್ಯೆ ಹತ್ತು ಲಕ್ಷ ದಾಟಿದೆ. ಪ್ರಪಂಚದಲ್ಲಿ ಸುಮಾರು 8 ಕೋಟಿ ಜನಕ್ಕೆ ಗಾಲಿಕುರ್ಚಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರ ಮುಂದೆ ಹತ್ತು ಲಕ್ಷ ದೊಡ್ಡದಲ್ಲ ಅನ್ನಬಹುದು. ಆದರೆ ಪಡೆದವನ ಮನೆಯಲ್ಲಿ ಒಂದು ಎಂಬುದೇ ದೊಡ್ಡದು.

ಇಲ್ಲಿಗೆ ಮುಗಿದಿದ್ದರೆ ಇದು ಎಲ್ಲಾ ಪುಣ್ಯಕಥೆಗಳಂತೆ ಒಂದು ಪುಣ್ಯಕಥೆ ಆಗುತ್ತಿತ್ತು. ಆದರೆ ಅಂಗವಿಕಲರ ಚಿಕಿತ್ಸೆ ಬಲ್ಲವರು, ಸ್ವತಃ ಗಾಲಿಕುರ್ಚಿಯಲ್ಲಿ ಓಡಾಡುವವರು ಈ ಪ್ಲಾಸ್ಟಿಕ್ ಕುರ್ಚಿಗೆ ಆಕ್ಷೇಪ ಎತ್ತಿದರು. ಅವರ ಮಾತು ಏನೆಂದರೆ, ಎಂಟು ವರ್ಷದ ಮಗುವಿಗೂ ಅದೇ ಅಳತೆ, ಆರಡಿ ಆಳಿಗೂ ಅದೇ ಅಳತೆ ಆದರೆ ಹೇಗೆ? ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿದವನಿಗೆ ಸ್ಪರ್ಶವೂ ಇರುವುದಿಲ್ಲ. ನಮಗೆ ಗಟ್ಟಿ ಹಲಗೆ ಮೇಲೆ ಕೂತರೆ ಹತ್ತು ನಿಮಿಷಕ್ಕೆ ನೋಯುತ್ತದೆ, ಮಗ್ಗಲು ಬದಲಿಸುತ್ತೇವೆ. ಅವನಿಗೆ ನೋಯುವುದಿಲ್ಲ. ಕೂತಲ್ಲೇ ಕೂತಿರುತ್ತಾನೆ. ಎಲುಬು ಒತ್ತಿದ ಜಾಗದಲ್ಲಿ ರಕ್ತ ಓಡದೆ ಚರ್ಮ ಕೆಂಪಾಗಿ, ಕಪ್ಪಾಗಿ, ಒಡೆದು ಹುಣ್ಣಾಗುತ್ತದೆ. ಹಾಸಿಗೆ ಹಿಡಿದವರಿಗೆ ಬೆನ್ನಿನಲ್ಲಿ ಆಗುತ್ತದಲ್ಲ, ಅದೇ ಹುಣ್ಣು. ಅದು ಎಲುಬಿಗೆ ಇಳಿದು ನಂಜಾದರೆ, ಆಸ್ಪತ್ರೆ ದೂರವಿರುವ ಊರಿನಲ್ಲಿ ಪ್ರಾಣವೇ ಹೋಗುತ್ತದೆ. ಅಂದರೆ ಬದುಕಲಿ ಎಂದು ಕೊಟ್ಟ ಕುರ್ಚಿಯೇ ಕೊಲ್ಲಬಹುದು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಡ ದೇಶಗಳಲ್ಲಿ ಗಾಲಿಕುರ್ಚಿ ಕೊಡುವ ಕ್ರಮದ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಎಂಟು ಹಂತ ಹೇಳಿದೆ. ಮೈ ಅಳೆಯುವುದು, ಕೂರಿಸಿ ಸರಿಪಡಿಸುವುದು, ಓಡಿಸಲು ಕಲಿಸುವುದು, ಆಮೇಲೆ ಮತ್ತೆ ಹೋಗಿ ನೋಡುವುದು, ರಿಪೇರಿ ಎಲ್ಲವೂ ಅದರಲ್ಲಿ ಇವೆ. ಕುರ್ಚಿ ಕೈಗಿಟ್ಟು ಫೋಟೋ ತೆಗೆಸಿಕೊಳ್ಳುವುದು ಅದರಲ್ಲಿ ಇಲ್ಲ.

ಈಗ ಯಾರದು ಸರಿ? ಒಂದು ಕಡೆ, ಅಳತೆ ನೋಡಿ ಕೊಡುತ್ತೇವೆ ಎಂದು ಕಾದರೆ ನೆಲದಲ್ಲಿ ತೆವಳುವವನು ತೆವಳುತ್ತಲೇ ಇರಬೇಕು. ಮಳೆಗಾಲದ ಕೆಸರು, ಬೇಸಿಗೆಯ ಕಾದ ಮಣ್ಣು ಅವನಿಗೆ ಕಾಯುವುದಿಲ್ಲ. ಇನ್ನೊಂದು ಕಡೆ, ಬೇಗ ಕೊಟ್ಟದ್ದು ಮೈಯನ್ನೇ ತಿಂದರೆ? ಏನೂ ಇಲ್ಲದ್ದಕ್ಕಿಂತ ಇದು ವಾಸಿ ಎಂದು ಕೊಡುವವರು ಹೇಳುತ್ತಾರೆ. ಈ ಮಾತನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹಸಿದವನು ತಂಗಳನ್ನದ ಮುಂದೆ ಕೂತು, ಏನೂ ಇಲ್ಲದ್ದಕ್ಕಿಂತ ಇದು ವಾಸಿ ಎಂದರೆ ಅದು ಅವನ ದೊಡ್ಡತನ. ಅದೇ ಮಾತನ್ನು ತಂಗಳು ಬಡಿಸುವವನು ಹೇಳಿದರೆ? ಮಾತು ಅದೇ, ಆದರೆ ಆಡುವ ಹಕ್ಕು ಒಬ್ಬನಿಗೇ ಇದೆ, ಅದು ತೆಗೆದುಕೊಳ್ಳುವವನಿಗೆ.

ಅನ್ನದಾನದ ಪಂಕ್ತಿಯಲ್ಲಿ ಎಲ್ಲರೂ ಕೂತು ಎದ್ದವರೇ. ಅನುಭವವಿರುವ ಬಡಿಸುವವನು ಎಲೆ ನೋಡಿಕೊಂಡು ಬರುತ್ತಾನೆ. ಕೂಸಿನ ಎಲೆಗೆ ಸಾರು ಕಡಿಮೆ, ಹಲ್ಲಿಲ್ಲದ ಅಜ್ಜಿಗೆ ಅನ್ನ ಮೆತ್ತಗೆ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಸೌಟು ನಿಲ್ಲುತ್ತದೆ. ಹೊಸಬ ಮಾತ್ರ ಎಲ್ಲರಿಗೂ ಒಂದೇ ಸೌಟು ಸುರಿದು ಓಡುತ್ತಾನೆ. ಅವನಲ್ಲಿ ಭಕ್ತಿ ಕಡಿಮೆ ಎಂದಲ್ಲ, ಭಕ್ತಿ ಜಾಸ್ತಿಯೇ. ಅವನ ಕಣ್ಣು ಬಕೆಟ್ಟಿನ ಮೇಲಿದೆ, ಅಷ್ಟೇ.

ಅಳತೆಯ ಮಾತನ್ನು ಗಟ್ಟಿಯಾಗಿ ಹಿಡಿದವರಲ್ಲಿ ಸ್ವತಃ ಕುರ್ಚಿಯಲ್ಲಿ ಕೂತವರೇ ಮುಂದೆ ಇದ್ದರು ಎಂಬುದು ಗಮನಿಸಬೇಕಾದ್ದು. ಅಮೆರಿಕದ ಜೋನಿ ಎರೆಕ್ಸನ್ ಟಾಡಾ ಎಂಬಾಕೆ 1967ರಲ್ಲಿ, 17ನೇ ವಯಸ್ಸಿನಲ್ಲಿ, ನೀರಿಗೆ ತಲೆಕೆಳಗಾಗಿ ಧುಮುಕಿ ಕುತ್ತಿಗೆ ಮುರಿದುಕೊಂಡರು. ಅಂದಿನಿಂದ ಭುಜದ ಕೆಳಗೆ ಸ್ವಾಧೀನವಿಲ್ಲ. ಅವರದೂ ಕ್ರೈಸ್ತ ಸೇವೆಯೇ. ಆ ಸಂಸ್ಥೆಯ ಗಾಲಿಕುರ್ಚಿ ಯೋಜನೆ 1994ರಲ್ಲಿ ಶುರುವಾಯಿತು. ಹಳೆಯ ಕುರ್ಚಿಗಳನ್ನು ಸಂಗ್ರಹಿಸಿ, ಜೈಲಿನ ಕೈದಿಗಳ ಕೈಯಲ್ಲಿ ದುರಸ್ತಿ ಮಾಡಿಸಿ, ಹೊರದೇಶಕ್ಕೆ ಹೋಗುವ ತಂಡದ ಜೊತೆ ಫಿಸಿಯೋಥೆರಪಿ ಬಲ್ಲವರನ್ನು ಕಳುಹಿಸಿ, ಒಬ್ಬೊಬ್ಬರ ಮೈಗೂ ಹೊಂದಿಸಿ ಕೊಡುವುದು ಅವರ ಕ್ರಮ. (ಕೈದಿ ದುರಸ್ತಿ ಮಾಡಿದ ಕುರ್ಚಿ ಇನ್ನೊಬ್ಬನನ್ನು ಮನೆಯ ಸೆರೆಯಿಂದ ಬಿಡಿಸುತ್ತದೆ ಎಂಬುದು ಎಂಥ ಸೋಜಿಗ!) ರಾಲ್ಫ್ ಹಾಚ್‌ಕಿಸ್ ಎಂಬ ಇನ್ನೊಬ್ಬ ಇಂಜಿನಿಯರ್ 1966ರ ಮೋಟಾರ್ ಸೈಕಲ್ ಅಪಘಾತದಿಂದ ಕುರ್ಚಿ ಹಿಡಿದವರು. ಇವರದು ಚರ್ಚಿನ ಸೇವೆಯಲ್ಲ. 1980ರಲ್ಲಿ ನಿಕರಾಗುವ ದೇಶಕ್ಕೆ ಹೋದಾಗ ಅಲ್ಲಿ ನಾಲ್ಕು ಹುಡುಗರು ಒಂದೇ ಗಾಲಿಕುರ್ಚಿಯನ್ನು ಸರದಿಯಂತೆ ಬಳಸುತ್ತ, ಮುರಿದಾಗ ತಾವೇ ರಿಪೇರಿ ಮಾಡಿಕೊಳ್ಳುತ್ತ ಇದ್ದದ್ದನ್ನು ಕಂಡರು. ಅವರಿಗೆ ಕುರ್ಚಿ ಹಂಚಲು ಹೋಗಲಿಲ್ಲ. ಅವರ ಜೊತೆಯಲ್ಲೇ ಕೂತು, ಆ ಊರಿನಲ್ಲೇ ಸಿಗುವ ಸಾಮಾನಿನಿಂದ ಕುರ್ಚಿ ಮಾಡುವುದನ್ನು ಕಲಿತರು, ಕಲಿಸಿದರು.

ನಮ್ಮ ದೇಶದಲ್ಲೂ ಇದಕ್ಕೆ ಸರಿಯಾದ ನಿದರ್ಶನ ಜೈಪುರ ಕಾಲು. ಅದಕ್ಕೆ ಮುಂಚೆ ಸಿಗುತ್ತಿದ್ದ ವಿದೇಶಿ ಮಾದರಿಯ ಕೃತಕ ಕಾಲಿಗೆ ಬೂಟು ಹಾಕಲೇಬೇಕಿತ್ತು. ಬೂಟು ಹಾಕಿಕೊಂಡು ಗದ್ದೆಗೆ ಇಳಿಯುವುದು ಹೇಗೆ, ಚಕ್ಕಂಬಕ್ಕಳ ಹಾಕಿ ಊಟಕ್ಕೆ ಕೂರುವುದು ಹೇಗೆ, ದೇವಸ್ಥಾನದೊಳಗೆ ಹೋಗುವುದು ಹೇಗೆ? ಜನ ಅದನ್ನು ಮೂಲೆಗಿಟ್ಟು ಮತ್ತೆ ಊರುಗೋಲು ಹಿಡಿದರು. ಜೈಪುರದ ಡಾಕ್ಟರ್ ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ ಸೇರಿ 1960ರ ದಶಕದ ಕೊನೆಗೆ ರಬ್ಬರಿನ ಪಾದ ಮಾಡಿದರು. ಬರಿಗಾಲಲ್ಲಿ ನಡೆಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು, ಮರವನ್ನೂ ಹತ್ತಬಹುದು. ಮೊದಲಿನ ಕಾಲು ಕೆಟ್ಟದ್ದೇನಲ್ಲ. ಬೇರೆಯವರ ಬದುಕಿಗೆ ಮಾಡಿದ್ದು, ಅಷ್ಟೇ.

ಇನ್ನು ಕೆಲವರ ಮನಸ್ಸಿನಲ್ಲಿ ಬೇರೆ ಪ್ರಶ್ನೆ ಏಳಬಹುದು. ಇವರೆಲ್ಲಾ ಕುರ್ಚಿ ಕೊಟ್ಟು ಮತಕ್ಕೆ ಸೇರಿಸಿಕೊಳ್ಳುವವರಲ್ಲವೇ ಎಂದು. ಕೇಳಬೇಕಾದ ಪ್ರಶ್ನೆಯೇ. ಕುರ್ಚಿಗೆ ಕರಾರು ಕಟ್ಟಿದರೆ ಅದು ದಾನವಲ್ಲ, ವ್ಯಾಪಾರ. ಯಾವ ಮತದವರು ಮಾಡಿದರೂ ಅಷ್ಟೇ. ಆದರೆ ಈ ಪ್ರಶ್ನೆ ಕೇಳುವವರು ತಮ್ಮ ಊರಿನಲ್ಲಿ ಮನೆಯೊಳಗೇ ಇರುವ ಅಂಗವಿಕಲ ಹುಡುಗನ ಹೆಸರು ತಮಗೆ ಗೊತ್ತೇ ಎಂದೂ ಒಂದು ಸಲ ಕೇಳಿಕೊಂಡರೆ ಒಳ್ಳೆಯದು. ವಿಮಾನದ ಖರ್ಚನ್ನೇ ಕಳುಹಿಸಿದ್ದರೆ ಇನ್ನೂ ಹತ್ತು ಕುರ್ಚಿ ಆಗುತ್ತಿತ್ತಲ್ಲ ಎಂಬ ಮಾತೂ ಉಂಟು. ಲೆಕ್ಕ ಸರಿ. ಆದರೆ ಮೊರೊಕ್ಕೊದ ಆ ರಸ್ತೆಯನ್ನು ಕಣ್ಣಾರೆ ನೋಡದೆ ಇದ್ದರೆ ಒಂದು ಕುರ್ಚಿಯೂ ಆಗುತ್ತಿರಲಿಲ್ಲ.

ಆಕ್ಷೇಪ ಬಂದ ಮೇಲೆ ಏನು ಮಾಡುತ್ತಾನೆ ಎಂಬುದರಲ್ಲಿ ದಾನಿಯ ಪರೀಕ್ಷೆ ಇದೆ. ಹೆಚ್ಚಿನ ದಾನಿಗಳಿಗೆ ಇಲ್ಲೇ ಸಿಟ್ಟು ಬರುತ್ತದೆ. ಪುಕ್ಕಟೆ ಕೊಟ್ಟದ್ದಕ್ಕೂ ತಪ್ಪು ಹುಡುಕುತ್ತಾರಲ್ಲ ಎಂದು. ಫ್ರೀ ವ್ಹೀಲ್‌ಚೇರ್ ಮಿಷನ್‌ನವರು ಆ ಬಿಳೀ ಕುರ್ಚಿಯೊಂದಕ್ಕೇ ಅಂಟಿಕೊಳ್ಳಲಿಲ್ಲ. ಬೇರೆ ಬೇರೆ ಅಳತೆಗೆ ಹೊಂದಿಸಬಹುದಾದ ಎರಡನೇ ಮಾದರಿ ಮಾಡಿದರು, ಆಮೇಲೆ ಮಡಚಬಹುದಾದ ಮೂರನೆಯದನ್ನೂ ಮಾಡಿದರು. ಹತ್ತು ಲಕ್ಷ ಜನ ಕೈಮುಗಿದರೂ ತನ್ನ ಕೆಲಸದಲ್ಲಿ ಕೊರತೆ ಇದೆ ಎಂದು ಒಪ್ಪುವುದು ಸುಲಭವಲ್ಲ. ಪ್ಲಾಸ್ಟಿಕ್ ಕುರ್ಚಿ ಮಾಡಿದ್ದಕ್ಕಿಂತ ಅದನ್ನು ಬದಲಿಸಿದ್ದರಲ್ಲಿ ಹೆಚ್ಚು ಪುಣ್ಯ ಇದ್ದರೂ ಇರಬಹುದು.

ಹಾಗಾದರೆ ನೋವೇ ತಿಳಿಯದವನನ್ನು, ಎಲ್ಲಿ ಒತ್ತುತ್ತದೆ ಹೇಳಪ್ಪ ಎಂದು ಕೇಳುವುದು ಹೇಗೆ? ಅವನಿಗೂ ಗೊತ್ತಿರುವುದಿಲ್ಲವಲ್ಲ. ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಡಾಕ್ಟರ್ ಪಾಲ್ ಬ್ರಾಂಡ್ ಎಂಬ ಆಂಗ್ಲರು (ಹುಟ್ಟಿದ್ದು ತಮಿಳುನಾಡಿನ ಕೊಲ್ಲಿಮಲೆಯಲ್ಲೇ, 1914ರಲ್ಲಿ) ಈ ವಿಷಯ ಚೆನ್ನಾಗಿ ಬಲ್ಲವರು. ಕುಷ್ಠದಿಂದ ಕಾಲು ತಾನಾಗಿ ಕೊಳೆಯುವುದಲ್ಲ, ನೋವು ತಿಳಿಯದೆ ಕಲ್ಲು ಮುಳ್ಳು ತುಳಿದು ಹುಣ್ಣಾಗುತ್ತದೆ ಎಂದು ತೋರಿಸಿದವರು ಅವರು. ಆದ್ದರಿಂದ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸುವುದಕ್ಕೂ ಚಿಕಿತ್ಸೆಯಷ್ಟೇ ಮಹತ್ವ ಕೊಟ್ಟರು.

ಗಾಲಿಕುರ್ಚಿ ಹೊಂದಿಸುವವರಿಗೆ ಈಗ ಕಲಿಸುವ ಕ್ರಮವೂ ಇದೇ ಜಾತಿಯದು. ಕಾಲಿಡುವ ಪಟ್ಟಿಯ ಎತ್ತರ ನೋಡಲು ಕೂತವನ ಪಾದದ ಹತ್ತಿರ ಮಂಡಿಯೂರಬೇಕು. ಆಮೇಲೆ ಅವನಿಗೆ ಹೇಳಿ, ಒಪ್ಪಿಗೆ ಪಡೆದು, ಅವನ ಕುಂಡೆಯ ಎಲುಬಿಗೂ ದಿಂಬಿಗೂ ನಡುವೆ ತಮ್ಮ ಬೆರಳುಗಳನ್ನು ತೂರಿಸಿ ಹಿಡಿಯಬೇಕು. ಬೆರಳಿಗೆ ಜೋರಾಗಿ ಒತ್ತಿದರೆ ದಿಂಬು ಬದಲಿಸಬೇಕು, ಮತ್ತೆ ಕೂರಿಸಬೇಕು, ಮತ್ತೆ ಬೆರಳಿಟ್ಟು ನೋಡಬೇಕು. ಅವನ ನೋವು ಕೊಡುವವನ ಬೆರಳಿಗೆ ತಿಳಿಯುವ ತನಕ ಕುರ್ಚಿ ಕೊಟ್ಟಂತೆ ಆಗುವುದಿಲ್ಲ.