ದೇಶ ಸುತ್ತಿದವನ ಕೋಶ

‘ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು.’ ಕನ್ನಡ ಶಾಲೆಯಲ್ಲಿ ಕಲಿತವರೆಲ್ಲ ಒಮ್ಮೆಯಾದರೂ ವಿಸ್ತರಿಸಿ ಬರೆದಿರುವ ಗಾದೆ ಇದು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಮಾತ್ರ ಇದರ ಎರಡನೆಯ ಅರ್ಧಕ್ಕೇ ಬೆಲೆ ಹೆಚ್ಚು. ಜೂನ್ ಬಂತೆಂದರೆ ಪಠ್ಯಪುಸ್ತಕ, ಗೈಡು, ನೋಟ್‌ಬುಕ್ಕಿನ ಕಟ್ಟು ಹುಡುಕುತ್ತ ಮಕ್ಕಳ ಕೈ ಹಿಡಿದ ಅಪ್ಪ ಅಮ್ಮಂದಿರು ಇಲ್ಲಿ ತುಂಬಿಕೊಳ್ಳುತ್ತಾರೆ.

ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರ್ಕೆಟ್ಟಿನ ಕಡೆಗೆ ಇಕ್ಕಟ್ಟಾಗಿ ಸಾಗುವ ಈ ಬೀದಿ ಹಿಂದೆ ದೊಡ್ಡಪೇಟೆ. 1537ರಲ್ಲಿ ಕೆಂಪೇಗೌಡರು ಪೇಟೆಗೆ ಗುರುತು ಹಾಕಿಸಿದಾಗ ಎತ್ತುಗಳು ನಾಲ್ಕು ದಿಕ್ಕಿಗೆ ನೇಗಿಲು ಎಳೆದುಕೊಂಡು ಹೊರಟದ್ದು ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಜಾಗದಿಂದ ಎಂಬುದು ಊರಿನ ಹಳೆಯ ನಂಬಿಕೆ. ಸುತ್ತಲೂ ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ. ಮೊದಲು ಬಂದವನು ವ್ಯಾಪಾರಿ; ಪುಸ್ತಕ ಬಂದದ್ದು ಅವನ ಹಿಂದೆ. ಇಂದಿಗೂ ಸಗಟು ಕಾಗದದ ಅಂಗಡಿ, ಲೆಕ್ಕದ ಪುಸ್ತಕದ ಅಂಗಡಿ, ರಸ್ತೆ ಬದಿಯ ಹಳೇ ಪುಸ್ತಕದ ರಾಶಿ ಒಂದಕ್ಕೊಂದು ಆತುಕೊಂಡೇ ಇವೆ. ಈ ನೆರೆಹೊರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಗಾದೆಯನ್ನು ಓದಬೇಕು.

ಸಾಮಾನ್ಯವಾಗಿ ಮೇಷ್ಟ್ರುಗಳು ಹೇಳಿಕೊಡುವ ಅರ್ಥ ಸರಳ: ಅನುಕೂಲ ಇದ್ದವರು ಊರೂರು ಸುತ್ತಿ ತಿಳಿಯಲಿ, ಇಲ್ಲದವರು ಓದಿ ತಿಳಿಯಲಿ. ಆದರೆ ಎಲ್ಲವನ್ನೂ ಕಳೆದುಕೊಂಡು, ಬೇರೆ ದಾರಿಯಿಲ್ಲದೆ ದೇಶ ಸುತ್ತಿದ ಒಬ್ಬ ವ್ಯಾಪಾರಿ ನಮ್ಮ ಬೀದರಿಗೇ ಬಂದಿದ್ದ. ಕೆಂಪೇಗೌಡರ ನೇಗಿಲು ಬೆಂಗಳೂರಿನ ನೆಲಕ್ಕೆ ಇಳಿಯುವುದಕ್ಕೆ ಅರವತ್ತಕ್ಕೂ ಹೆಚ್ಚು ವರ್ಷ ಮುಂಚೆ. ಅವನ ಹೆಸರು ಅಫನಾಸಿ ನಿಕಿತಿನ್. ಊರು ರಷ್ಯದ ವೋಲ್ಗಾ ದಂಡೆಯ ತ್ವೇರ್.

1460ರ ದಶಕದ ಕೊನೆಯಲ್ಲಿ ನಿಕಿತಿನ್ ಸರಕು ತುಂಬಿಕೊಂಡು ವೋಲ್ಗಾ ಇಳಿದ. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಶಿರ್ವಾನ್ ರಾಜ್ಯದ ರಾಯಭಾರಿ ಅದೇ ದಾರಿಯಲ್ಲಿ ವಾಪಸು ಹೊರಟಿದ್ದ. ಅವನ ಜೊತೆ ಹೋದರೆ ಕ್ಷೇಮ ಎಂಬ ಲೆಕ್ಕ. ಆ ಲೆಕ್ಕ ತಪ್ಪಿತು. ಅಸ್ತ್ರಾಖಾನ್ ಬಳಿ ತಾತಾರರು ಮೇಲೆ ಬಿದ್ದು, ಅವನ ಸಾಮಾನೆಲ್ಲ ಇದ್ದ ಸಣ್ಣ ಹಡಗನ್ನು ದೋಚಿದರು. ಉಳಿದವರು ಎರಡು ಹಡಗಿನಲ್ಲಿ ಸಮುದ್ರಕ್ಕೆ ಇಳಿದರೆ ಬಿರುಗಾಳಿ ಎದ್ದಿತು. ಆ ಎರಡರಲ್ಲಿ ಚಿಕ್ಕದು ತಾರ್ಕಿ ಎಂಬಲ್ಲಿ ದಡಕ್ಕೆ ಬಡಿದು ಒಡೆಯಿತು. ಅದರಲ್ಲಿದ್ದವರನ್ನು ಅಲ್ಲಿಯ ಕೈತಾಕರು ಸೆರೆ ಹಿಡಿದರು. ನಿಕಿತಿನ್ ಇದ್ದದ್ದು ರಾಯಭಾರಿಯ ಹಡಗಿನಲ್ಲಿ. ಅವನು ಪಾರಾದ. ಶಿರ್ವಾನದ ದೊರೆ ಹೇಳಿಕಳಿಸಿದ್ದರಿಂದ ಸೆರೆಯಾದವರು ಬಿಡುಗಡೆಯಾದರು, ಆದರೆ ಅವನ ಮುಂದೆ ನಿಂತು ಬೇಡಿಕೊಂಡರೂ ಊರಿಗೆ ಮರಳಲು ಕಾಸು ಸಿಗಲಿಲ್ಲ. ಅತ್ತು ಚದುರಿಹೋದೆವು ಎಂದು ಅವನೇ ಬರೆದುಕೊಂಡಿದ್ದಾನೆ. ಊರಲ್ಲಿ ಏನಾದರೂ ಇದ್ದವರು ಊರಿನ ಕಡೆ ನಡೆದರು. ಸಾಲ ಇದ್ದವರು ಕಾಲು ಎಳೆದತ್ತ ಹೋದರು. ನಿಕಿತಿನ್ ಸಾಲದವರ ಗುಂಪಿಗೆ ಸೇರಿದವನು.

ಲೂಟಿಯಲ್ಲಿ ಸರಕಿನ ಜೊತೆ ಪುಸ್ತಕಗಳೂ ಹೋಗಿದ್ದವು. ಗಾದೆಯ ದೃಷ್ಟಿಯಿಂದ ಇಡೀ ಕತೆಯ ತಿರುಳು ಇಲ್ಲಿದೆ. ಹಬ್ಬ, ಉಪವಾಸಗಳ ದಿನ ಗೊತ್ತುಮಾಡಲು ಅವನು ನೆಚ್ಚಿಕೊಂಡಿದ್ದ ಧರ್ಮಗ್ರಂಥಗಳವು. ಅವಿಲ್ಲದೆ ಈಸ್ಟರ್ ಯಾವಾಗ ಎಂಬುದೇ ತಿಳಿಯದಾಯಿತು. ನಮ್ಮ ಆಕಾಶದಲ್ಲಿ ಕೃತ್ತಿಕೆ ಎಲ್ಲಿದೆ ಎಂದು ನೋಡಿ ಅಂದಾಜು ಮಾಡುತ್ತಿದ್ದ. ಸುತ್ತಲಿನ ಮುಸ್ಲಿಮರು ರಂಜಾನ್ ಹಿಡಿದಾಗ ಅವರ ಜೊತೆ ತಾನೂ ಉಪವಾಸ ಮಾಡುತ್ತಿದ್ದ. ಪಂಚಾಂಗ ಕಳೆದುಕೊಂಡವನ ಈ ಸಂಕಟ ಅವನ ಬರಹದ ಉದ್ದಕ್ಕೂ ಇದೆ. ಕೊನೆಗೆ ಯಾವ ನಂಬಿಕೆ ಸರಿ ಎಂಬ ತೀರ್ಮಾನವನ್ನು ಅವನು ದೇವರಿಗೇ ಬಿಟ್ಟುಬಿಡುತ್ತಾನೆ. ಹದಿನೈದನೆಯ ಶತಮಾನದ ಒಬ್ಬ ಶ್ರದ್ಧಾವಂತನಿಗೆ ಇದು ಸಣ್ಣ ದೂರವಲ್ಲ. ತ್ವೇರಿನಿಂದ ಬೀದರಿಗಿಂತಲೂ ದೊಡ್ಡ ಪ್ರಯಾಣ ಅದೇ ಎನ್ನಬಹುದು.

ಬಾಕು, ಪರ್ಷಿಯ ದಾಟಿ ಹೊರ್ಮುಜ್ ಬಂದರಿನಿಂದ ಅವನು ಭಾರತಕ್ಕೆ ಹೊರಟಾಗ ಜೊತೆಗಿದ್ದ ಬಂಡವಾಳ ಒಂದು ಗಂಡು ಕುದುರೆ. ಒಳ್ಳೆಯ ಜಾತಿಯ ಕುದುರೆ ಆಗ ದಖ್ಖನಿನಲ್ಲಿ ಹುಟ್ಟುತ್ತಿರಲಿಲ್ಲ. ಬಹಮನಿಗಳಿಗೂ ವಿಜಯನಗರಕ್ಕೂ ಅರಬ್ಬೀ ಸಮುದ್ರದ ಮೇಲೆಯೇ ಬರಬೇಕಿತ್ತು. ಸಾಲಗಾರನ ಲೆಕ್ಕಾಚಾರಕ್ಕೆ ಅದು ಸರಿಯಾದ ಸರಕೇ. ಕೊಂಕಣದ ಚೌಲಿನಲ್ಲಿ ಇಳಿದು ಜುನ್ನಾರಿಗೆ ಬಂದರೆ ಅಲ್ಲಿಯ ಅಸದ್ ಖಾನ್ ಕುದುರೆಯನ್ನು ಕಿತ್ತುಕೊಂಡ. ಮತಾಂತರವಾದರೆ ಕುದುರೆಯ ಜೊತೆ ಸಾವಿರ ಹೊನ್ನು, ಇಲ್ಲದಿದ್ದರೆ ಕುದುರೆಯೂ ಹೋಗಿ ಸಾವಿರ ಹೊನ್ನು ತಾನೇ ತೆರಬೇಕು. ಯೋಚಿಸಲು ನಾಲ್ಕು ದಿನ. ಮಹಮದ್ ಎಂಬ ಖೊರಾಸಾನಿ ನಡುವೆ ಬಂದು ಬಿಡಿಸಿದ. ಮುಂಗಾರಿನ ಕೆಸರಿನಲ್ಲಿ ತಿಂಗಳುಗಟ್ಟಲೆ ಕಾದು, ಮೇವಿಗೆ ಸುರಿದು, ಕೊನೆಗೆ ಕುದುರೆಯನ್ನು ಮಾರಿದ್ದು ಬೀದರಿನಲ್ಲಿ.

ಬೀದರಿನಲ್ಲಿ ಅವನು ಕಂಡದ್ದನ್ನು ಕಂಡಂತೆ ಬರೆದ. ಅರಮನೆಗೆ ಏಳು ಬಾಗಿಲು, ಬಾಗಿಲಿಗೆ ನೂರು ಕಾವಲುಗಾರರು, ನೂರು ಜನ ಬರೆಯುವವರು: ಯಾರು ಒಳಹೋದರು, ಯಾರು ಹೊರಬಂದರು ಎಂದು ದಾಖಲೆ. ಶೇಖ್ ಅಲಾವುದ್ದೀನರ ಉರುಸಿಗೆ ವರ್ಷಕ್ಕೊಮ್ಮೆ ಕೂಡುವ ಜಾತ್ರೆಯಲ್ಲಿ ಮಾರಲು ಬರುವ ಕುದುರೆ ಇಪ್ಪತ್ತು ಸಾವಿರ ಎಂದು ಅವನ ಲೆಕ್ಕ. ವಿದ್ವಾಂಸರು ಆ ಜಾಗವನ್ನು ಇಂದಿನ ಕಲಬುರಗಿ ಜಿಲ್ಲೆಯ ಆಳಂದ ಎಂದು ಗುರುತಿಸುತ್ತಾರೆ. ಬೆಳ್ಳಿಯ ಪಲ್ಲಕ್ಕಿಯಲ್ಲಿ ಸಾಗುವ ಶ್ರೀಮಂತರನ್ನೂ, ಅವರ ಮುಂದೆ ಚಿನ್ನದ ಜೀನು ಹೊತ್ತ ಕುದುರೆಗಳನ್ನೂ ವರ್ಣಿಸಿದ ಉಸಿರಿನಲ್ಲೇ ಹಳ್ಳಿಗರ ಕಡುಬಡತನವನ್ನೂ ಹೇಳಿದ. ಆಸ್ಥಾನ ಕವಿಗಳ ಬಾಯಲ್ಲಿ ಈ ಎರಡನೆಯ ಸಂಗತಿ ಬರುವುದು ಕಡಿಮೆ.

ತಾನು ಮುಸ್ಲಿಮನಲ್ಲ, ಕ್ರೈಸ್ತ ಎಂದು ತಿಳಿಸಿದ ಮೇಲೆ ಇಲ್ಲಿಯ ಹಿಂದೂಗಳು ಊಟ, ವ್ಯಾಪಾರ, ಪೂಜೆ ಯಾವುದನ್ನೂ ತನ್ನಿಂದ ಮುಚ್ಚಿಡಲಿಲ್ಲ ಎನ್ನುತ್ತಾನೆ. ಶಿವರಾತ್ರಿಗೆ ಅವರ ಜೊತೆ ಶ್ರೀಪರ್ವತಕ್ಕೂ, ಅಂದರೆ ಶ್ರೀಶೈಲಕ್ಕೂ ನಡೆದ. ಕನ್ನಡನಾಡಿನಿಂದ ಮಲ್ಲಯ್ಯನ ದರ್ಶನಕ್ಕೆ ಇಂದಿಗೂ ಪಾದಯಾತ್ರೆ ಹೋಗುವವರು ಆ ಪುಟಗಳನ್ನು ಓದಬೇಕು.

ಹಾಗೆಂದು ಕಣ್ಣಾರೆ ಕಂಡವನೆಲ್ಲ ಜ್ಞಾನಿಯಾಗುವುದಿಲ್ಲ. ರಾತ್ರಿ ಕೂಗುವ ಒಂದು ಹಕ್ಕಿ ಯಾವ ಮನೆಯ ಮೇಲೆ ಕೂರುವುದೋ ಅಲ್ಲಿ ಸಾವು ಖಚಿತ, ಕೊಲ್ಲಲು ಹೋದರೆ ಅದರ ಬಾಯಿಂದ ಬೆಂಕಿ ಬರುತ್ತದೆ ಎಂದೂ ಬರೆದಿದ್ದಾನೆ. ಕೋತಿಗಳಿಗೆ ರಾಜನಿದ್ದಾನೆ, ಸೈನ್ಯವಿದೆ ಎಂದಿದ್ದಾನೆ. ಗೂಗೆಯ ಬಗ್ಗೆ ನಮ್ಮ ಹಳ್ಳಿಗಳ ನಂಬಿಕೆ ಗೊತ್ತಿದ್ದವರಿಗೆ ಅವನು ಕೇಳಿದ್ದು ಏನೆಂದು ತಕ್ಷಣ ಹೊಳೆಯುತ್ತದೆ. ಸುತ್ತಿದವನು ತಂದದ್ದನ್ನು ಓದಿದವನು ಜರಡಿ ಹಿಡಿಯಬೇಕು. ಗಾದೆಯ ಎರಡು ಅರ್ಧಗಳು ಒಂದರ ಬದಲಿಗೆ ಇನ್ನೊಂದು ಎಂಬಂತೆ ನಿಲ್ಲುವುದಿಲ್ಲ.

ಅದೇ ಬೀದರಿನಲ್ಲಿ, ಅದೇ ಕಾಲದಲ್ಲಿ, ಇನ್ನೊಬ್ಬ ಪರದೇಶಿ ವ್ಯಾಪಾರಿ ಇದ್ದ: ಮಹಮೂದ್ ಗವಾನ್. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದು ಬಹಮನಿಗಳ ಪ್ರಧಾನಿಯಾದವನು. ‘ಮಲಿಕ್-ಉತ್-ತುಜ್ಜಾರ್’ ಎಂದು ವ್ಯಾಪಾರಿಗಳ ಒಡೆಯನ ಬಿರುದು ಪಡೆದವನು. ನಿಕಿತಿನ್‌ನ ಬರಹದಲ್ಲಿ ಅವನು ಆ ಬಿರುದಿನಿಂದಲೇ ಬರುತ್ತಾನೆ. ಗವಾನ್ ಕಟ್ಟಿಸಿದ ಮದರಸಾ ಪೂರ್ಣಗೊಂಡದ್ದು 1472ರಲ್ಲಿ. ಮೂರು ಅಂತಸ್ತು, ಬಣ್ಣದ ಹೆಂಚಿನ ಗೋಡೆ, ಮೂರು ಸಾವಿರ ಹಸ್ತಪ್ರತಿಗಳ ಭಂಡಾರ ಎಂದು ಪ್ರತೀತಿ. 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಆ ಭಂಡಾರವೂ ಉಳಿಯಲಿಲ್ಲ. ಹದಿನೇಳನೆಯ ಶತಮಾನದ ಕೊನೆಗೆ ಸಿಡಿಮದ್ದು ಸ್ಫೋಟಿಸಿ ಕಟ್ಟಡದ ಒಂದು ಭಾಗವೇ ಕುಸಿಯಿತು. ದೇಶ ಸುತ್ತಿ ಬಂದವನು ಬೇರೆಯವರು ಓದಲೆಂದು ಕೋಶ ಕೂಡಿಸಿಟ್ಟದ್ದಕ್ಕೆ ಕರ್ನಾಟಕದ ನೆಲದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಸಿಕ್ಕುವುದು ಕಷ್ಟ.

ಅವೆನ್ಯೂ ರಸ್ತೆಯಲ್ಲೂ ಒಂದು ಸಾಕ್ಷಿ ಇದೆ. ಅಲ್ಲಿಯ ರೈಸ್ ಸ್ಮಾರಕ ಚರ್ಚು ಬೆಂಜಮಿನ್ ರೈಸ್ ನೆನಪಿನದು. ಅವರ ಮಗ, ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್, ಮೈಸೂರು ಸೀಮೆಯ ಹಳ್ಳಿಹಳ್ಳಿಯ ಶಾಸನಗಳನ್ನು ಬೆಳಕಿಗೆ ತಂದವರು. ಸುಮಾರು ಒಂಬತ್ತು ಸಾವಿರ ಶಾಸನಗಳ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ಹಾಗೆ ಹುಟ್ಟಿದವು. ಓದುವವರ ಮುಂದಿರುವ ಕೋಶದ ಹಿಂದೆ ಯಾರದೋ ಸವೆದ ಕಾಲುಗಳಿವೆ.

ನಿಕಿತಿನ್‌ಗೆ ವ್ಯಾಪಾರದಲ್ಲಿ ಲಾಭವಾಗಲಿಲ್ಲ. ಮೆಣಸು, ಬಣ್ಣ ಅಗ್ಗ, ಆದರೆ ರಷ್ಯಕ್ಕೆ ಒಯ್ಯುವ ಸರಕು ಇಲ್ಲ, ಸುಂಕ ಜಾಸ್ತಿ, ಕಡಲ್ಗಳ್ಳರು ಹೆಚ್ಚು ಎಂದು ಖಾರವಾಗಿಯೇ ಬರೆದ. ದಾಭೋಲ್ ಬಂದರಿನಿಂದ ಹೊರಟ ಹಡಗನ್ನು ಗಾಳಿ ಆಫ್ರಿಕದ ಕರಾವಳಿಗೆ ಒಯ್ದಿತು. ಅಲ್ಲಿಯ ಜನಕ್ಕೆ ಅಕ್ಕಿ, ಮೆಣಸು, ರೊಟ್ಟಿ ಹಂಚಿ ಜೀವ ಉಳಿಸಿಕೊಂಡರು. ಮುಂದೆ ಕಪ್ಪು ಸಮುದ್ರ ದಾಟಿ ಊರಿನ ಕಡೆ ನಡೆದವನು ಸ್ಮೊಲೆನ್‌ಸ್ಕ್ ಮುಟ್ಟುವ ಮೊದಲೇ ತೀರಿಕೊಂಡ. ಅವನ ಕೈಬರಹದ ಹಾಳೆಗಳನ್ನು ವ್ಯಾಪಾರಿಗಳು ಮಾಸ್ಕೋಗೆ ತಂದು, 1475ರಲ್ಲಿ ಅವು ಅಲ್ಲಿಯ ಅರಮನೆಯ ಬರಹಗಾರನ ಕೈ ಸೇರಿದವು. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು ಅದಾಗಿ 23 ವರ್ಷಕ್ಕೆ. 1957ರಲ್ಲಿ ನರ್ಗಿಸ್ ನಟಿಸಿದ ‘ಪರದೇಸಿ’ ಚಿತ್ರ ನಿಕಿತಿನ್‌ನದೇ ಕತೆ.

ನಮ್ಮ ಮಕ್ಕಳು ವಿಜಯನಗರದ ಪಾಠಕ್ಕೆ ಅಬ್ದುಲ್ ರಜಾಕ್, ಪಾಯೆಸ್, ನ್ಯೂನಿಜ್ ಹೆಸರುಗಳನ್ನು ಬಾಯಿಪಾಠ ಮಾಡುತ್ತಾರೆ. ಬಹಮನಿಗಳ ಪಾಠಕ್ಕೆ ನಿಕಿತಿನ್ ಅಷ್ಟೇ ಮುಖ್ಯ. ಬೀದರ್, ಕಲಬುರಗಿಯ ಮೇಷ್ಟ್ರುಗಳು ಏಳು ಬಾಗಿಲಿನ, ಆಳಂದದ ಜಾತ್ರೆಯ ಪುಟಗಳನ್ನು ಕನ್ನಡದಲ್ಲಿ ಮಕ್ಕಳ ಮುಂದೆ ಓದಲಿ, ಆಮೇಲೆ ಅವರನ್ನು ಗವಾನ್ ಮದರಸಾದ ಅಂಗಳಕ್ಕೆ ಕರೆದೊಯ್ಯಲಿ.