ಹಿಟ್ಟಿನ ಕೋಳಿ ಮತ್ತು ರಣಭೇರಿ: ಅನುಕರಿಸಿದ ಹಿಂಸೆಯ ಹೊಣೆ

ಯುದ್ಧದ ಸದ್ದನ್ನು ಕಲೆಯಾಗಿ ಮಾಡಿ ಸವಿಯುವವರಿಗೆ ಯುದ್ಧದ ಹಿಂಸೆಯಲ್ಲಿಯೂ ಪಾಲುಂಟೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಕಳೆದ ಐದು ದಶಕಗಳಲ್ಲಿ ಯುರೋಪಿನ ಸಂಗೀತದ ಒಂದು ಸಣ್ಣ ಧಾರೆ ಈ ಪ್ರಶ್ನೆಯನ್ನು ಹೊಸ ರೂಪದಲ್ಲಿ ಎತ್ತಿದೆ. 1976ರಲ್ಲಿ ಲಂಡನ್ನಿನ ಥ್ರಾಬಿಂಗ್ ಗ್ರಿಸಲ್ ತಂಡದವರು ಇಂಡಸ್ಟ್ರಿಯಲ್ ರೆಕಾರ್ಡ್ಸ್ ಎಂಬ ಸಂಸ್ಥೆಯನ್ನು ಕಟ್ಟಿ, ಯಂತ್ರಗಳ ಗದ್ದಲವನ್ನೂ ವಿಕೃತಗೊಳಿಸಿದ ಧ್ವನಿಗಳನ್ನೂ ಸಂಗೀತದ ಸಾಮಗ್ರಿಯಾಗಿಸಿದಾಗ ‘ಇಂಡಸ್ಟ್ರಿಯಲ್’ ಎಂಬ ಪ್ರಕಾರಕ್ಕೆ ಹೆಸರು ಬಂದಿತು. ಅದರ ಕವಲಾಗಿ 1980ರ ದಶಕದಲ್ಲಿ ಬೆಳೆದ ‘ನಿಯೋಫೋಕ್’ ಗಿಟಾರಿನ ಸರಳ ಜಾನಪದ ಧಾಟಿಯೊಂದಿಗೆ ಪ್ರಾಚೀನ ಯುರೋಪಿನ ದೇವತೆಗಳನ್ನೂ ಗೂಢ ಸಂಕೇತಗಳನ್ನೂ ಬೆಸೆಯುತ್ತದೆ. ‘ಮಾರ್ಷಿಯಲ್’ ಎಂದು ಕರೆಸಿಕೊಳ್ಳುವ ಇನ್ನೊಂದು ಕವಲು ಸೇನಾ ನಡಿಗೆಯ ತಾಳ, ಕಹಳೆ ಮತ್ತು ಹಳೆಯ ಭಾಷಣಗಳ ಧ್ವನಿಮುದ್ರಿಕೆಗಳನ್ನು ಬಳಸುತ್ತದೆ. ಡೆತ್ ಇನ್ ಜೂನ್, ಕರೆಂಟ್ 93, ಲೈಬಾಖ್ ಮುಂತಾದ ತಂಡಗಳ ಆಲ್ಬಮ್‌ಗಳ ಸುತ್ತ ನಡೆದ ವಾದದ ತಿರುಳು ಒಂದೇ: ಸರ್ವಾಧಿಕಾರದ ಮತ್ತು ರಣರಂಗದ ಚಿಹ್ನೆಗಳನ್ನು ಹೀಗೆ ಸುಂದರವಾಗಿಸುವುದು ಅವುಗಳ ವಿಮರ್ಶೆಯೋ, ಆರಾಧನೆಯೋ?

ಯುಗೋಸ್ಲಾವಿಯಾದ ಗಣಿ ಪಟ್ಟಣವಾದ ತ್ರ್ಬೋವ್ಲ್ಯೆಯಲ್ಲಿ 1980ರಲ್ಲಿ ಹುಟ್ಟಿದ ಲೈಬಾಖ್, 1987ರ ‘ಓಪಸ್ ಡೈ’ ಎಂಬ ಆಲ್ಬಮ್‌ನಲ್ಲಿ, ಮನುಕುಲದ ಐಕ್ಯವನ್ನು ಹಾಡುವ ಕ್ವೀನ್ ತಂಡದ ಜನಪ್ರಿಯ ಗೀತೆಯೊಂದನ್ನು ಜರ್ಮನ್ ಭಾಷೆಗೆ ತಿರುಗಿಸಿ, ಭಾರವಾದ ನಗಾರಿಯ ತಾಳಕ್ಕೆ ಕೂರಿಸಿತು. ಆಶಯ ಹೆಚ್ಚೇನೂ ಬದಲಾಗದಿದ್ದರೂ ಐಕ್ಯದ ಹಾಡು ಆಜ್ಞೆಯಾಗಿ ಕೇಳಿಸತೊಡಗಿತು. ಅಧಿಕಾರದ ಭಾಷೆಯನ್ನು ಅಧಿಕಾರಕ್ಕಿಂತಲೂ ಗಂಭೀರವಾಗಿ ಆಡಿ ತೋರಿಸಿದರೆ ಅದರ ಒಳಗಿನ ಕಾಮನೆ ಬಯಲಾಗುತ್ತದೆ ಎಂದು ತತ್ತ್ವಜ್ಞ ಸ್ಲಾವೊಯ್ ಜಿಜೆಕ್ ಈ ವಿಧಾನವನ್ನು ಸಮರ್ಥಿಸಿದ್ದಾರೆ. ಆದರೆ ಬಯಲಿಗೆಳೆಯುವವನೂ ಭಜಿಸುವವನೂ ಒಂದೇ ಸದ್ದನ್ನು ಹೊರಡಿಸುವಾಗ, ಕೇಳುಗನು ಅವರಿಬ್ಬರನ್ನು ಬೇರ್ಪಡಿಸುವುದು ಹೇಗೆ ಎಂಬ ತೊಡಕು ಅಲ್ಲಿಗೆ ಬಗೆಹರಿಯುವುದಿಲ್ಲ.

ಇದೇ ತೊಡಕನ್ನು ಎಂಟು ಶತಮಾನಗಳ ಹಿಂದೆ ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಎದುರಿಸಿತ್ತು. ಯುದ್ಧವನ್ನು ಕಲೆಯಾಗಿಸುವುದರಲ್ಲಿ ಆ ನಾಡು ಯಾರಿಗೂ ಕಡಿಮೆಯಿರಲಿಲ್ಲ. 1117ರಲ್ಲಿ ಹೊಯ್ಸಳ ರಾಜ ವಿಷ್ಣುವರ್ಧನನು ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಹಿಂದೆ ಚೋಳರಿಂದ ತಲಕಾಡನ್ನು ಗೆದ್ದ ನೆನಪಿದೆ. ಬಾಗಿಲ ಬಳಿಯಲ್ಲಿ ವಂಶದ ಮೂಲಪುರುಷನೆನ್ನಲಾದ ಸಳನು ಮೃಗವನ್ನು ಇರಿಯುತ್ತಿರುವ ರಾಜಲಾಂಛನವಿದೆ. ದೋರಸಮುದ್ರದ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ಆನೆಗಳ ಮತ್ತು ಕುದುರೆ ಸವಾರರ ಸಾಲು ಮುಗಿಯದ ದಂಡಯಾತ್ರೆಯಂತೆ ಸುತ್ತುತ್ತದೆ. ಅದೇ ಶಿಲ್ಪಿಗಳ ಕೈಯಲ್ಲಿ ಮದ್ದಳೆ ನುಡಿಸುವವರೂ ನರ್ತಿಸುವವರೂ ಮೂಡಿದ್ದಾರೆ.

ಇಂಥ ಕಲೆಯ ಪರವಾಗಿ ಭಾರತೀಯ ಕಾವ್ಯಮೀಮಾಂಸೆ ಕೊಡುವ ಉತ್ತರ ಸ್ಪಷ್ಟವಾಗಿದೆ. ನಾಟ್ಯಶಾಸ್ತ್ರದ ಪ್ರಕಾರ ವೀರ ರಸದ ಸ್ಥಾಯಿಭಾವ, ಎಂದರೆ ಅದಕ್ಕೆ ಆಧಾರವಾಗಿ ನೆಲೆನಿಲ್ಲುವ ಭಾವ, ಉತ್ಸಾಹ, ರೌದ್ರದ್ದು ಕ್ರೋಧ. ಲೋಕದಲ್ಲಿ ಕ್ರೋಧವು ಒಬ್ಬ ನಿರ್ದಿಷ್ಟ ವ್ಯಕ್ತಿಯಲ್ಲಿ ಹುಟ್ಟಿ ಇನ್ನೊಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ಹರಿಯುತ್ತದೆ. ಕಲೆಯಲ್ಲಿ ಮಾತ್ರ ಅದು ‘ನನ್ನದು’, ‘ಶತ್ರುವಿನದು’ ಎಂಬ ನಂಟುಗಳನ್ನು ಕಳಚಿಕೊಂಡು ಎಲ್ಲರೂ ಸವಿಯಬಹುದಾದ ಸ್ಥಿತಿಗೆ ಬರುತ್ತದೆ. ಸಾಧಾರಣೀಕರಣವೆಂದು ಹೆಸರಾದ ಈ ಕ್ರಿಯೆಯನ್ನು ಭಟ್ಟನಾಯಕನು ಮುಂದಿಟ್ಟು ಅಭಿನವಗುಪ್ತನು ಬೆಳೆಸಿದನು. ಈ ನೋಟದಲ್ಲಿ ರಣಭೇರಿಯನ್ನು ಸವಿಯುವ ಸಹೃದಯನಿಗೆ ಹಿಂಸೆಯ ಲೇಪವಿಲ್ಲ, ಏಕೆಂದರೆ ಅವನ ಮುಂದೆ ಕೊಲ್ಲಬೇಕಾದವನೊಬ್ಬನು ಇಲ್ಲವೇ ಇಲ್ಲ.

ಹೊಯ್ಸಳೇಶ್ವರ ದೇವಾಲಯದ ಬಳಿ ನಿಂತಿರುವ ಒಂದು ಕಂಬವು ಈ ಉತ್ತರದ ಮಿತಿಯನ್ನು ತೋರಿಸುತ್ತದೆ. ಎರಡನೆಯ ವೀರಬಲ್ಲಾಳನ ದಂಡನಾಯಕನಾಗಿದ್ದ ಕುವರ ಲಕ್ಷ್ಮನು ಗರುಡನಾಗಿದ್ದನು, ಅಂದರೆ ಒಡೆಯನು ಸತ್ತರೆ ತಾನೂ ಉಳಿಯುವುದಿಲ್ಲವೆಂದು ವ್ರತ ತೊಟ್ಟವನಾಗಿದ್ದನು. ಅವನೂ ಅವನ ಪತ್ನಿ ಸುಗ್ಗಲದೇವಿಯೂ ಸಾವಿರ ವೀರರೂ ಪ್ರಾಣ ಕೊಟ್ಟುದನ್ನು ಅಲ್ಲಿಯ ಶಾಸನ ಸ್ಮರಿಸುತ್ತದೆ. ಕಂಬದ ಮೇಲೆ ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ಆಳುಗಳ ಶಿಲ್ಪಗಳಿವೆ. ವೀರರ ಸಾವನ್ನು ಶತಮಾನಗಳಿಂದ ಕಾವ್ಯವೂ ಶಿಲ್ಪವೂ ಹಾಡಿ ಹೊಗಳುತ್ತ ಬಂದಿರದಿದ್ದರೆ ಅಂಥ ವ್ರತವನ್ನು ತೊಡುವ ಮನಸ್ಸು ಅಷ್ಟು ಜನರಲ್ಲಿ ಮೂಡುವುದು ಕಷ್ಟವಿತ್ತು. ಸಾವಿನ ನಂತರ ಅಪ್ಸರೆಯರು ವೀರನನ್ನು ಸ್ವರ್ಗಕ್ಕೆ ಕರೆದೊಯ್ಯುವ ವೀರಗಲ್ಲಿನ ಚಿತ್ರವು ನೋಡುವವನಲ್ಲಿ ರಸವನ್ನಷ್ಟೇ ಉಂಟುಮಾಡಿ ಸುಮ್ಮನಾಗುತ್ತಿರಲಿಲ್ಲ; ಬದುಕಲು ಮತ್ತು ಸಾಯಲು ಒಂದು ಮಾದರಿಯನ್ನೂ ಒದಗಿಸುತ್ತಿತ್ತು.

ಎದುರು ಪಕ್ಷದ ಉತ್ತರ ಬಂದುದೂ ಅದೇ ಬಲ್ಲಾಳನ ಆಸ್ಥಾನದಿಂದ. ಕವಿಚಕ್ರವರ್ತಿ ಎಂದು ಬಿರುದಾಂಕಿತನಾದ ಜೈನ ಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ, ರಾಜ ಯಶೋಧರನ ರಾಣಿ ಅಮೃತಮತಿ ರಾತ್ರಿಯಲ್ಲಿ ಕುರೂಪಿ ಮಾವಟಿಗನೊಬ್ಬನ ಹಾಡನ್ನು ಕೇಳಿ ಅವನಿಗೆ ಮರುಳಾಗುತ್ತಾಳೆ. ಕಂಡದ್ದನ್ನು ಹೇಳಲಾರದ ರಾಜನು ಕೆಟ್ಟ ಕನಸಿನ ನೆಪ ಹೇಳಿದಾಗ, ತಾಯಿ ಚಂದ್ರಮತಿಯು ದೇವತೆಗೆ ಪ್ರಾಣಿಬಲಿ ಕೊಡುವಂತೆ ಒತ್ತಾಯಿಸುತ್ತಾಳೆ. ಅವನು ಒಪ್ಪದಿದ್ದಾಗ, ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯುವುದೆಂದು ತೀರ್ಮಾನವಾಗುತ್ತದೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಮುಂದೆ ಅಮೃತಮತಿಯಿಂದ ವಿಷವುಂಡು ಸತ್ತ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಒಂದೂ ಜೀವ ಹೋಗದ ಬಲಿಗೆ ಇಷ್ಟು ದೊಡ್ಡ ಶಿಕ್ಷೆ ಏಕೆಂಬ ಪ್ರಶ್ನೆಯು ಆಧುನಿಕ ಓದುಗರನ್ನು ಕಾಡಿದೆ. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವೂ ಅದೇ ಪ್ರಶ್ನೆಯ ಸುತ್ತ ಕಟ್ಟಿದ್ದು.

ಜೈನ ಧರ್ಮದ ಉತ್ತರ ಸಂಕಲ್ಪವೆಂಬ ಪರಿಕಲ್ಪನೆಯಲ್ಲಿದೆ. ಗೃಹಸ್ಥನ ಬಾಳಿನಲ್ಲಿ ಸಂಭವಿಸುವ ಹಿಂಸೆಯನ್ನು ಅಲ್ಲಿ ನಾಲ್ಕಾಗಿ ವಿಂಗಡಿಸುವುದುಂಟು: ಅಡಿಗೆ ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭ ಹಿಂಸೆ, ಬೇಸಾಯದಂಥ ವೃತ್ತಿಯಲ್ಲಿ ಆಗುವುದು ಉದ್ಯೋಗ ಹಿಂಸೆ, ಆಕ್ರಮಣವನ್ನು ತಡೆಯುವಾಗ ಆಗುವುದು ವಿರೋಧ ಹಿಂಸೆ, ಕೊಲ್ಲಬೇಕೆಂಬ ಇಚ್ಛೆಯಿಂದಲೇ ಎಸಗುವುದು ಸಂಕಲ್ಪ ಹಿಂಸೆ. ಮೊದಲ ಮೂರನ್ನು ಗೃಹಸ್ಥನು ಪೂರ್ಣವಾಗಿ ತಪ್ಪಿಸಲಾರನು, ಕೊನೆಯದನ್ನು ಬಿಡಲೇಬೇಕು. ವಿಷ್ಣುವರ್ಧನನ ಸೇನಾಪತಿ ಗಂಗರಾಜನು ಜೈನನಾಗಿದ್ದೂ ಯುದ್ಧಗಳನ್ನು ನಡೆಸಿದನು; ಅವನ ನೆನಪಿಗಾಗಿ ಮಗ ಬೊಪ್ಪನು 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗ, ಪ್ರತಿಷ್ಠೆಯ ಪ್ರಸಾದ ತಲುಪಿದ ಹೊತ್ತಿಗೆ ರಾಜನಿಗೆ ಗೆಲುವೂ ಗಂಡುಮಗುವೂ ಒದಗಿದ್ದರಿಂದ ಆ ತೀರ್ಥಂಕರನು ವಿಜಯ ಪಾರ್ಶ್ವನೆನಿಸಿದನು. ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದ ರೇಚರಸನೂ ರಾಜಸೇವೆಯಲ್ಲಿದ್ದ ಅಧಿಕಾರಿಯೇ. ಇವೆಲ್ಲವನ್ನೂ ಒಟ್ಟಿಗೆ ನೋಡಿದಾಗ ಒಂದು ಕಠಿಣ ನಿಲುವು ಹೊರಡುತ್ತದೆ: ಒಲ್ಲದ ಮನಸ್ಸಿನಿಂದ ರಕ್ಷಣೆಗಾಗಿ ಎತ್ತಿದ ನಿಜವಾದ ಕತ್ತಿಗಿಂತ, ಬಲಿಯ ಮನಸ್ಸಿನಿಂದ ಹಿಟ್ಟಿನ ಮೇಲೆ ಬೀಸಿದ ಕತ್ತಿಯು ಆತ್ಮಕ್ಕೆ ಹೆಚ್ಚು ಭಾರವಾಗಬಹುದು.

ರಸಸಿದ್ಧಾಂತವೂ ಸಂಕಲ್ಪದ ಸಿದ್ಧಾಂತವೂ ಪರಸ್ಪರ ವಿರುದ್ಧವೆಂದು ತೋರಿದರೂ ಅವುಗಳ ನಡುವಿನ ಗೆರೆ ಬೇರೆಡೆ ಇದೆ. ಯಶೋಧರನು ಕೋಳಿಯನ್ನು ಕಡಿದುದು ನಾಟಕದಲ್ಲಲ್ಲ. ಕೇಡು ನೀಗಬೇಕೆಂಬ ಫಲವನ್ನು ಬಯಸಿ, ದೇವತೆಯ ಮುಂದೆ, ಜೀವಂತ ಕೋಳಿಗೆ ಬದಲಾಗಿ ಅದನ್ನು ಒಪ್ಪಿಸಿದನು. ಸಹೃದಯನು ಅನುಕರಣವನ್ನು ಅನುಕರಣವೆಂದೇ ಬಲ್ಲನು; ಬಲಿ ಕೊಡುವವನು ಅನುಕರಣವು ಮೂಲದ ಕೆಲಸವನ್ನೇ ಮಾಡಲೆಂದು ಹಾರೈಸುತ್ತಾನೆ. ಮಾರ್ಷಿಯಲ್ ಸಂಗೀತದ ಕೇಳುಗರಲ್ಲಿ ಈ ಎರಡು ಬಗೆಯವರೂ ಇರಬಲ್ಲರು, ಒಬ್ಬನೇ ಕೇಳುಗನು ಒಂದು ಬಗೆಯಿಂದ ಇನ್ನೊಂದಕ್ಕೆ ತಿಳಿಯದಂತೆ ಜಾರಲೂಬಹುದು. ಆದ್ದರಿಂದ ಹಾಡನ್ನು ಮಾತ್ರ ಪರೀಕ್ಷಿಸಿ ಕೊಡುವ ತೀರ್ಪು, ಅದು ಖುಲಾಸೆಯಾಗಲಿ ನಿಷೇಧವಾಗಲಿ, ಅರ್ಧ ತೀರ್ಪೇ ಆಗುತ್ತದೆ.

ಜಾರುವುದನ್ನು ತಡೆಯುವ ಕಟ್ಟುಪಾಡುಗಳಿಗೆ ಹಾಸನ, ಚಿಕ್ಕಮಗಳೂರು ಸೀಮೆಯ ವೀರಗಾಸೆ ಕುಣಿತ ಉತ್ತಮ ನಿದರ್ಶನ. ಕತ್ತಿ ಹಿಡಿದ ಕಲಾವಿದನು ಕರಡೆ, ಚಮಾಳ ವಾದ್ಯಗಳ ಅಬ್ಬರದ ನಡುವೆ ಒಡಪು ಹೇಳುತ್ತಾನೆ, ಅಂದರೆ ಶಿವನ ಕೋಪದಿಂದ ಹುಟ್ಟಿ ದಕ್ಷನ ಯಜ್ಞವನ್ನು ಕೆಡಿಸಿ ಅವನ ತಲೆ ಕಡಿದ ವೀರಭದ್ರನ ಪ್ರತಾಪವನ್ನು ಏರುದನಿಯ ಗದ್ಯದಲ್ಲಿ ಘೋಷಿಸುತ್ತಾನೆ. ಭಕ್ತರು ಹರಕೆ ಹೊತ್ತು ಬಾಯಿಗೆ ಶಸ್ತ್ರ ಹಾಕಿಸಿಕೊಳ್ಳುವುದೂ ಉಂಟು. ಇದು ಯುರೋಪಿನ ಯಾವ ಆಲ್ಬಮ್‌ಗಿಂತಲೂ ಹೆಚ್ಚು ನೇರವಾದ ರಣಧ್ವನಿ. ಆದರೆ ಅಲ್ಲಿ ಕೋಪಕ್ಕೆ ಒಡೆಯನು ದೇವರು, ಕೋಪಗೊಳ್ಳಲು ನಿಗದಿಯಾದ ಹಬ್ಬವಿದೆ, ಅದಕ್ಕೆ ಒಂದು ಕೊನೆಯೂ ಇದೆ: ತಲೆ ಕಳೆದುಕೊಂಡ ದಕ್ಷನು ಟಗರಿನ ತಲೆಯೊಂದಿಗೆ ಮತ್ತೆ ಬದುಕುತ್ತಾನೆ, ಕೆಟ್ಟ ಯಜ್ಞ ಪೂರ್ಣವಾಗುತ್ತದೆ. ಮೆರವಣಿಗೆಗೋ ವೇದಿಕೆಗೋ ಕತ್ತಿಯ ಭಾಗವನ್ನಷ್ಟೇ ಕತ್ತರಿಸಿ ತಂದಾಗ ವೀರಗಾಸೆಯೂ ಆ ಕೊನೆಯನ್ನು ಕಳೆದುಕೊಳ್ಳುತ್ತದೆ. ಹಾಗಾಗಿ ಇದನ್ನು ಪೂರ್ವ ಪಶ್ಚಿಮಗಳ ಭೇದವೆಂದು ಬಗೆಯುವುದು ತಪ್ಪು. ಆಲ್ಬಮ್ ಎಂಬ ವಸ್ತುವಿಗೆ ಹಬ್ಬದ ದಿನವಿಲ್ಲ, ಜೊತೆಯವರಿಲ್ಲ, ಸಮಾಪ್ತಿಯ ವಿಧಿಯಿಲ್ಲ. ಅದನ್ನು ಒಬ್ಬಂಟಿಯಾಗಿ, ಬೇಕೆನಿಸಿದಷ್ಟು ಸಲ ಕೇಳಬಹುದು, ಮತ್ತು ಮತ್ತೆ ಮತ್ತೆ ತಾಳಿದ ಭಾವವು ಸ್ವಭಾವವಾಗಿ ಗಟ್ಟಿಗೊಳ್ಳುತ್ತದೆ ಎಂಬುದನ್ನು ಕರ್ಮವನ್ನು ಒಪ್ಪುವ ದರ್ಶನಗಳೆಲ್ಲವೂ ಹೇಳುತ್ತವೆ.

ಹಾಗಾದರೆ ಹೊಣೆ ಯಾರದು ಎಂಬುದಕ್ಕೆ ಜೈನ ಶಾಸ್ತ್ರದ ಇನ್ನೊಂದು ವಿಭಾಗ ನೆರವಾಗುತ್ತದೆ. ಕರ್ಮವು ಕೃತ, ಕಾರಿತ, ಅನುಮೋದಿತ ಎಂದು ಮೂರು ದಾರಿಗಳಲ್ಲಿ ಅಂಟುತ್ತದೆ: ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದುದಕ್ಕೆ ಮನಸಾರೆ ತಲೆದೂಗಿದ್ದು. ಜನ್ನನ ಕಥೆಯಲ್ಲಿ ಕತ್ತಿ ಹಿಡಿದವನು ಮಗನಾದರೂ ಮಾಡಿಸಿದ ತಾಯಿಗೂ ಅವನಷ್ಟೇ ಜನ್ಮಗಳು ಒದಗಿದವು. ರಣಸಂಗೀತವನ್ನು ರಚಿಸುವವರು ‘ಇದು ಬರಿಯ ಕಲೆ’ ಎಂದು ಜಾರಿಕೊಳ್ಳಲಾಗದಿರುವುದು ಎರಡನೆಯ ದಾರಿಯಿಂದ. ಕೇಳುವವರು ‘ನಾವು ಬರಿಯ ಶ್ರೋತೃಗಳು’ ಎನ್ನಲಾಗದಿರುವುದು ಮೂರನೆಯದರಿಂದ. ನಗಾರಿಯ ಶಬ್ದಕ್ಕೆ ಮೈ ನವಿರೇಳುವುದು ಪಾಪವಲ್ಲ, ಅದು ರಸದ ಕೆಲಸ. ಆ ಶಬ್ದದ ಹಿಂದೆ ಒಬ್ಬ ಶತ್ರುವನ್ನು ಕಲ್ಪಿಸಿಕೊಂಡು, ಅವನು ಬೀಳಲೆಂದು ಮನಸ್ಸು ಒಪ್ಪಿಗೆ ಕೊಟ್ಟ ಕ್ಷಣದಿಂದ ಅನುಮೋದನೆ ಶುರುವಾಗುತ್ತದೆ. ಅದನ್ನು ಹೊರಗಿನ ಯಾವ ಅಧಿಕಾರವೂ ಅಳೆಯಲಾರದಾದ್ದರಿಂದ, ಕೇಳುಗನು ತನ್ನ ಭಾವವನ್ನು ತಾನೇ ಪರೀಕ್ಷಿಸಿಕೊಳ್ಳುವುದು ರಸಿಕತೆಗೆ ಅಡ್ಡಿಯಲ್ಲ, ರಸಿಕತೆಯದೇ ಧರ್ಮ.